ಹಾಸ್ಯ ನಾಟಕದಲ್ಲಿ ಮಗಳಿಗೆ ಪಾತ್ರ, ಆದರೆ ‘ಹಳ್ಳಿ’ ಅನ್ನಲು ಬರಲ್ಲ

ಮೂಲ ಪ್ರಶ್ನೆ:
ನಮಸ್ಕಾರ. ಮುಂದಿನ ತಿಂಗಳು ಇಲ್ಲಿನ ಕಲಾಕೇಂದ್ರದಲ್ಲಿ ಕಿರು ಹಾಸ್ಯ ನಾಟಕಗಳ ಸಂಜೆ ಇದೆ. ನಾಲ್ಕು ನಾಟಕ, ಒಂದೊಂದು 20 ನಿಮಿಷ. 11 ವರ್ಷದ ಮಗಳು ತಾನೇ ಹೋಗಿ ಪಾತ್ರ ಕೇಳಿದಳು. ಆರೇ ಆರು ಡೈಲಾಗ್. ಆದರೆ ಅವಳಿಗೆ ‘ಳ’ ಬರಲ್ಲ. ‘ಹಳ್ಳಿಯಿಂದ ಬಂದೆ’ ಅನ್ನಲು ಹೋಗಿ ‘ಹಲ್ಲಿಯಿಂದ ಬಂದೆ’ ಅನ್ನುತ್ತಾಳೆ. ರಿಹರ್ಸಲ್‌ನಲ್ಲಿ ದೊಡ್ಡವರೆಲ್ಲ ನಕ್ಕರು. ವಾಪಸ್ ಬರುವಾಗ ಕಾರಿನಲ್ಲಿ, ‘ಅಮ್ಮಾ, ಅವರು ಜೋಕಿಗೆ ನಕ್ಕರಾ, ನನ್ನನ್ನು ನೋಡಿ ನಕ್ಕರಾ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಆಡಿಸಲಾ, ಬಿಡಿಸಲಾ?

ಇಬ್ಬರು ಮಕ್ಕಳ ಅಪ್ಪ:
ಬಿಡಿಸಬೇಡಿ. ನಮ್ಮ ಮಗನೂ ಸಣ್ಣ ಪಾತ್ರದಿಂದಲೇ ಶುರು ಮಾಡಿದ್ದು. ಈಗ ಇಡೀ ನಾಟಕ ಅವನಿಗೆ ಬಾಯಿಪಾಠ. ಯಾರಾದರೂ ಸಾಲು ಮರೆತರೆ ಅವನೇ ಪ್ರಾಂಪ್ಟ್ ಮಾಡುತ್ತಾನೆ.

ಹಳೇ ಸದಸ್ಯರು:
ತಪ್ಪು ಮಗುವಿನದಲ್ಲ, ಮನೆಯದು. ದಿನಾ ಕನ್ನಡ ಮಾತಾಡಿದ್ದರೆ ‘ಳ’ ತಾನಾಗಿಯೇ ಬರುತ್ತಿತ್ತು. ವರ್ಷಕ್ಕೊಂದು ನಾಟಕ ಆಡಿಸಿದರೆ ಭಾಷೆ ಉಳಿಯಲ್ಲ. ನಮ್ಮ ಮನೆಯಲ್ಲಿ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಕನ್ನಡ ಒಂದೇ. ಎಷ್ಟು ಸಲ ಹೇಳಿದ್ದೇನೆ ಇಲ್ಲಿ!

ರಂಗಪ್ರೇಮಿ:
ಹಾಗೆ ಹೇಳಿದರೆ ಹೇಗೆ? ನಾಟಕಕಾರ ಟಿ.ಪಿ. ಕೈಲಾಸಂ ಅವರ ಮನೆಮಾತು ತಮಿಳು. ಅವರ ಪಾತ್ರಗಳು ಸಾಲು ಸಾಲಿಗೂ ಇಂಗ್ಲಿಷ್ ಬೆರೆಸುತ್ತವೆ. ಆದರೂ ಕನ್ನಡಿಗರು ನಕ್ಕಿದ್ದು ಅವರ ನಾಟಕಗಳಿಗೇ ಅಲ್ವಾ? ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆ ಗೆಲ್ಲುವ ಪುಟ್ಟುವಿಗಿಂತ ಓದಿನಲ್ಲಿ ಹಿಂದಿರುವ ಮಾಧುವೇ ಗಟ್ಟಿ. ಮಕ್ಕಳನ್ನು ಒಂದು ಅಕ್ಷರದಲ್ಲಿ ಅಳೆಯಬೇಡಿ.

ಹಳೇ ಸದಸ್ಯರು:
ಕೈಲಾಸಂ ಕನ್ನಡ ಗೊತ್ತಿದ್ದು ಬೆರೆಸಿದರು. ನಮ್ಮ ಮಕ್ಕಳಿಗೆ ಬೆರೆಸುವುದಕ್ಕೆ ಕನ್ನಡವೇ ಇಲ್ಲ. ಎರಡೂ ಒಂದೇ ಅಲ್ಲ.

ಮತ್ತೊಬ್ಬ ತಾಯಿ:
ನನ್ನ ಮಗನಿಗೆ ಈಗ 24. ಏಳು ವರ್ಷದವನಿದ್ದಾಗ ಸ್ಟೇಜ್ ಮೇಲೆ ಸಾಲು ತಪ್ಪಿದ, ಜನ ನಕ್ಕರು. ‘ಇನ್ನು ಬೇಡ’ ಅಂದ. ನಾನೂ ಸುಮ್ನೆ ಬಿಟ್ಟೆ. ಈಗ ಅಜ್ಜಿ ಫೋನ್ ಮಾಡಿದರೆ ‘ಚೆನ್ನಾಗಿದೀರಾ’ ಎಂದು ಕೇಳಿ ಫೋನನ್ನು ನನ್ನ ಕೈಗೆ ಕೊಡುತ್ತಾನೆ. ಅವತ್ತು ಬಿಡಬಾರದಿತ್ತು.

ಮಕ್ಕಳಿಗೆ ನಾಟಕ ಕಲಿಸುವವರು:
‘ಲ’ಗೆ ನಾಲಿಗೆ ಹಲ್ಲಿನ ಹಿಂದೆ ತಾಗುತ್ತದೆ. ‘ಳ’ಗೆ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಬೇಕು. ಕನ್ನಡಿ ಮುಂದೆ ಹಲ್ಲಿ–ಹಳ್ಳಿ, ಹುಲಿ–ಹುಳಿ, ಬೆಲೆ–ಬೆಳೆ ಹೇಳಿಸಿ. ದಿನಕ್ಕೆ ಐದು ನಿಮಿಷ ಸಾಕು. ಡೈಲಾಗುಗಳನ್ನು ನೀವು ನಿಧಾನವಾಗಿ ಹೇಳಿ ರೆಕಾರ್ಡ್ ಮಾಡಿ ಕೊಡಿ. ಮುಖ್ಯವಾಗಿ, ಜನ ನಕ್ಕಾಗ ಮುಂದಿನ ಸಾಲು ಹೇಳದೆ ನಗು ಇಳಿಯುವವರೆಗೆ ಕಾಯುವುದನ್ನು ಕಲಿಸಿ. ಕಾಯಲು ಬಂದರೆ ನಗುವಿನ ಹೆದರಿಕೆ ಅರ್ಧ ಹೋಗುತ್ತದೆ.

ಹಳೇ ಸದಸ್ಯರು:
ಐದು ನಿಮಿಷದಲ್ಲಿ ನಾಲಿಗೆ ತಿರುಗಬಹುದು, ಭಾಷೆ ಬರಲ್ಲ. ಮನೆ ಸರಿಯಾಗಬೇಕು.

ಇಬ್ಬರು ಮಕ್ಕಳ ಅಪ್ಪ:
ನಿಜ, ನಿಜ. ಮನೆಯೇ ಮೊದಲು.

ಮೂಲ ಪ್ರಶ್ನೆ ಕೇಳಿದವರು:
ನಮ್ಮ ಮನೆಯಲ್ಲಿ ಮಾತಾಡುವುದು ಕನ್ನಡವೇ. ಅವಳು ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ. ಇವತ್ತು ಕನ್ನಡಿ ಮುಂದೆ ಹತ್ತು ಸಲ ‘ಹಳ್ಳಿ’ ಹೇಳಿಸಿದೆ. ಮೂರು ಸಲ ಸರಿಯಾಗಿ ಬಂತು. ಗುರುವಾರ ರಿಹರ್ಸಲ್‌ಗೆ ಕರೆದುಕೊಂಡು ಹೋಗುತ್ತೇನೆ.