ಪದಚರ್ಚೆ: ವಿಡಿಯೋ ‘ಲೋಡ್’ ಮಾಡುವುದಕ್ಕೆ ‘ಹೂಡು’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗೆ ವಿಡಿಯೋ ತುಣುಕು ಬಿಡುವ ಕೆಲಸ ನನ್ನದು. ಬಳಸುವುದು ಕ್ಯಾಸ್ಪರ್‌ಸಿಜಿ ಎಂಬ ಮುಕ್ತ ತಂತ್ರಾಂಶ. ಸ್ವೀಡನ್ನಿನ ಸಾರ್ವಜನಿಕ ಟೀವಿ ಸಂಸ್ಥೆ ಎಸ್‌ವಿಟಿ ತನ್ನ ಪ್ರಸಾರಕ್ಕೆಂದು ಮಾಡಿಕೊಂಡು ಆಮೇಲೆ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಜೊತೆಗಿರುವ ಹುಡುಗರಿಗಾಗಿ ಅದರ ಆಜ್ಞೆಗಳ ಒಂದು ಪುಟದ ಕನ್ನಡ ಚೀಟಿ ಬರೆಯಹೊರಟು ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದಿದ್ದೇನೆ.

ಅದರಲ್ಲಿ ಲೋಡ್ ಎರಡು ಬಗೆ. ಬರೀ ‘ಲೋಡ್’ ಎಂದರೆ ನಾವು ಹೇಳಿದ ಪದರದಲ್ಲಿ (ಒಂದರ ಮೇಲೊಂದು ಕೂರುವ ಚಿತ್ರಗಳ ಲೇಯರ್‌ನಲ್ಲಿ) ಓಡುತ್ತಿರುವುದು ಹೋಗಿ, ಹೊಸ ತುಣುಕಿನ ಮೊದಲ ಚಿತ್ರ ಪರದೆಗೆ ಬಂದು ಅಲ್ಲೇ ನಿಲ್ಲುತ್ತದೆ. ‘ಲೋಡ್‌ಬಿಜಿ’ ಎಂದರೆ ತುಣುಕು ತೆರೆಮರೆಯಲ್ಲಿ ಸಿದ್ಧವಾಗಿ ಕೂರುತ್ತದೆ, ‘ಪ್ಲೇ’ ಅಂದ ಮೇಲೇ ಮುಂದೆ ಬರುವುದು. ಹೋದ ಸಲ ನಾನು ಹೆಡ್‌ಸೆಟ್‌ನಲ್ಲಿ “ಕಾಡಿಂದು ಲೋಡ್ ಮಾಡಿಟ್ಕೊಳಪ್ಪ” ಅಂದೆ. ಹುಡುಗ ಹೇಳಿದ್ದನ್ನೇ ಮಾಡಿದ. ಅತಿಥಿಗಳು ಮಾತಾಡುತ್ತಿದ್ದಾಗ ಬೆನ್ನ ಹಿಂದಿದ್ದ ಸಂಘದ ಲಾಂಛನ ಮಾಯವಾಗಿ, ಪರದೆ ತುಂಬ ಹೆಬ್ಬಾವಿನ ತಲೆ ಬಂದು ನಿಂತಿತು. ಸಭೆ ನಕ್ಕಿತು, ತಮ್ಮ ಮಾತಿಗೇ ನಕ್ಕರೆಂದುಕೊಂಡು ಅತಿಥಿಗಳೂ ನಕ್ಕರು.

ಹಾಗಾಗಿ ತೆರೆಮರೆಯ ಲೋಡ್‌ಗೆ ಬೇರೆಯೇ ಪದ ಬೇಕು. ‘ಹೇರು’ ಹಳೆಯ ಪದ, ಆದರೆ ಈಗ ತೆರಿಗೆ, ಹಿಂದಿ ಇವೇ ನೆನಪಾಗುತ್ತವೆ. ‘ಏರಿಸು’ ಅಂತರಜಾಲಕ್ಕೆ ಹಾಕುವುದಕ್ಕೆ ಹೋಗಿಬಿಟ್ಟಿದೆ. ‘ಕ್ಯೂ’ ಅಂತಲೇ ಇಡೋಣವೆಂದರೆ, ಸೂಚನೆಯ ಕ್ಯೂಗೂ ಪಡಿತರ ಅಂಗಡಿಯ ಕ್ಯೂಗೂ ಕನ್ನಡ ಬರಹದಲ್ಲಿ ವ್ಯತ್ಯಾಸವೇ ಇಲ್ಲ. “ಮೂರನೇದು ಕ್ಯೂನಲ್ಲಿಡು” ಅಂದರೆ ಸಾಲಿನ ಕೊನೆಗೆ ಸೇರಿಸುತ್ತಾರೆ.

ನನಗೆ ಹೊಳೆದದ್ದು ‘ಹೂಡು’. ಬಾಣ ಹೂಡುವುದು, ಬಿಡುವುದು. ಹೂಡಿದ ಬಾಣ ಇನ್ನೂ ಹೊರಟಿಲ್ಲ, ಆದರೆ ಹೊರಡಲು ಸಿದ್ಧ. ಲೋಡ್‌ಬಿಜಿಯೂ ಪ್ಲೇಯೂ ಅಷ್ಟೇ ತಾನೆ? ‘ತೊಡು’ ಕೂಡ ಆದೀತು. ಆದರೆ ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲವೆಂದು ಕರ್ಣ ಕೊಟ್ಟ ಮಾತು ಅಡ್ಡ ಬರುತ್ತದೆ. ನಮ್ಮದು ಒಂದೇ ತುಣುಕನ್ನು ಹತ್ತು ಸಲ ತೊಡುವ ಕಸುಬು. ‘ಹೂಡು’ ಅಂದರೆ ಬಂಡವಾಳ, ದಾವೆ, ಎತ್ತು ಎಲ್ಲವೂ ನೆನಪಾಗುತ್ತವೆ, ನಿಜ. ಆದರೆ ಯಾವುದೂ ಪರದೆಯ ಮುಂದೆ ಗೊಂದಲ ಮಾಡುವಂಥದ್ದಲ್ಲ.

ರೆಕಾರ್ಡ್‌ನದು ಬೇರೆ ಕಥೆ. ‘ದಾಖಲಿಸು’ ಅಂದರೆ ಪೊಲೀಸ್ ಠಾಣೆ, ‘ಮುದ್ರಿಸು’ ಅಂದರೆ ಛಾಪಖಾನೆ, ‘ಚಿತ್ರೀಕರಿಸು’ ಅಂದರೆ ಕ್ಯಾಮೆರಾದವನ ಕೆಲಸ. ಈ ತಂತ್ರಾಂಶದಲ್ಲಿ ಅದಕ್ಕೆ ಪ್ರತ್ಯೇಕ ಕ್ರಿಯಾಪದವೂ ಇಲ್ಲ. ‘ಆ್ಯಡ್’ ಎಂಬ ಆಜ್ಞೆ ಕೊಟ್ಟು, ಪರದೆಗೆ ಹೋಗುತ್ತಿರುವುದನ್ನೇ ಒಂದು ಫೈಲಿಗೂ ಹರಿಸಬೇಕು. ನಾನು ‘ಫೈಲಿಗೆ ಬರೆ’ ಎಂದು ಹಾಕಿದ್ದೇನೆ. ಆಕ್ಷೇಪವಿದ್ದರೆ ಹೇಳಿ.

ನಿಜವಾದ ತೊಡಕು ‘ಬಿಡು’. ನಾವೆಲ್ಲ ಬಾಯಲ್ಲಿ ಹೇಳುವುದು “ವಿಡಿಯೋ ಬಿಡು” ಎಂದೇ, ‘ಪ್ಲೇ ಮಾಡು’ ಕೂಡ ಅಪರೂಪ. ಆದರೆ “ಎರಡನೇದು ಬಿಡು” ಅಂದರೆ ಏನು? ಎರಡನೆಯದನ್ನು ತೋರಿಸಬೇಕೋ, ಕೈಬಿಟ್ಟು ಮೂರನೆಯದಕ್ಕೆ ಹೋಗಬೇಕೋ? ಎದುರಿಗಿದ್ದರೆ ಮುಖ ನೋಡಿ ತಿಳಿಯುತ್ತದೆ, ಹೆಡ್‌ಸೆಟ್‌ನಲ್ಲಿ ಮುಖವಿಲ್ಲ. ‘ಹಾಕು’ ಅಂದರೆ ಕ್ಯಾಸೆಟ್ ಕಾಲದಿಂದಲೂ ಒಳಗೆ ತೂರಿಸುವುದೂ ಅದೇ, ಶುರು ಮಾಡುವುದೂ ಅದೇ. ಮತ್ತೆ ಹೆಬ್ಬಾವು ಬರುತ್ತದೆ.

ಧಾರವಾಡದ ಕಡೆ “ಟೀವಿ ಹಚ್ಚು”, “ಹಾಡ ಹಚ್ಚು” ಅನ್ನುವುದನ್ನು ಕೇಳಿದ್ದೇನೆ. ಹೂಡು, ಹಚ್ಚು ಎಂದು ಜೋಡಿ ಮಾಡಿದರೆ ಕಿವಿಗೂ ಬೇರೆ ಬೇರೆಯಾಗಿ ಕೇಳುತ್ತವೆ. ಆದರೆ ನಮ್ಮ ಹಳೇ ಮೈಸೂರಿನ ಹುಡುಗರು ‘ಹಚ್ಚು’ ಅಂದರೆ ದೀಪದ ಸ್ವಿಚ್ಚಿಗೆ ಕೈ ಹಾಕುತ್ತಾರೇನೋ. ಆ ಕಡೆಯವರು ತಿಳಿಸಿ: ಮೊಬೈಲಿನ ವಿಡಿಯೋಗೂ ‘ಹಚ್ಚು’ ಅನ್ನುತ್ತೀರಾ? ನಡುವೆ ತಡೆದು ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡುವುದಕ್ಕೂ ಅದೇ ಪದವೇ?