14 ವರ್ಷದ ಹುಡುಗ: ಪತ್ತೇದಾರನೋ, ಬೇಹುಗಾರನೋ?

ಗೆಳೆಯರೇ, ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಇಲ್ಲಿ ಗಂಗಾವತಿಯಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಒಂದು ಇಂಗ್ಲಿಷ್ ಕಾದಂಬರಿಯನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಆಂಟನಿ ಹೊರೊವಿಟ್ಜ್ ಅವರ ‘ಸ್ಟಾರ್ಮ್‌ಬ್ರೇಕರ್’, 2000ದಲ್ಲಿ ಬಂದದ್ದು. ನಾಯಕ ಅಲೆಕ್ಸ್ ರೈಡರ್ ಲಂಡನ್ನಿನ ಶಾಲಾ ಹುಡುಗ. ವಯಸ್ಸು 14, ನನ್ನೆದುರು ಕೂತ ಮಕ್ಕಳದೇ ವಯಸ್ಸು. ಇವನು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಯಾವ ಹೆಸರು ಸರಿ?

ಎಲ್ಲರ ಬಾಯಿಗೂ ಮೊದಲು ಬರುವುದು ‘ಪತ್ತೇದಾರ’. ಎನ್. ನರಸಿಂಹಯ್ಯ ಅವರ ಪತ್ತೇದಾರ ಪುರುಷೋತ್ತಮನನ್ನು ಓದಿದ ಮನೆಗಳಲ್ಲಿ ಗುಟ್ಟು, ಪಿಸ್ತೂಲು, ಬೆನ್ನಟ್ಟುವುದು ಇದ್ದರೆ ಸಾಕು, ಅದು ಪತ್ತೇದಾರಿ ಕಥೆಯೇ. ಈ ಕಾದಂಬರಿಯ ಶುರುವಿಗೂ ಆ ಪದ ಚೆನ್ನಾಗಿಯೇ ಒಪ್ಪುತ್ತದೆ. ಅಲೆಕ್ಸ್‌ನ ಚಿಕ್ಕಪ್ಪ ಕಾರು ಅಪಘಾತದಲ್ಲಿ ಸತ್ತ, ಸೀಟ್ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಬಂದು ಹೇಳುತ್ತಾರೆ. ಚಿಕ್ಕಪ್ಪ ಬೆಲ್ಟ್ ಹಾಕದೆ ಗಾಡಿ ಓಡಿಸುವವನೇ ಅಲ್ಲ. ಹುಡುಗ ಗುಜರಿಗೆ ಹೋಗಿ ಆ ಕಾರನ್ನು ಹುಡುಕುತ್ತಾನೆ. ನೋಡಿದರೆ ಗುಂಡು ಬಿದ್ದ ತೂತುಗಳು. ಇದು ಪತ್ತೇದಾರಿಕೆ, ಅನುಮಾನವೇ ಇಲ್ಲ.

ಆಮೇಲೆ ಕಥೆ ತಿರುಗುತ್ತದೆ. ಚಿಕ್ಕಪ್ಪ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6ರವನು. ಅದೇ ಸಂಸ್ಥೆ ಈಗ ಹುಡುಗನನ್ನು ಕಾರ್ನ್‌ವಾಲ್‌ಗೆ ಕಳಿಸುತ್ತದೆ. ಅಲ್ಲಿ ಹೆರಾಡ್ ಸೇಲ್ ಎಂಬ ಶ್ರೀಮಂತ ದೇಶದ ಶಾಲೆಗಳಿಗೆಲ್ಲ ಪುಕ್ಕಟೆ ಕಂಪ್ಯೂಟರ್ ಹಂಚಲು ಹೊರಟಿದ್ದಾನೆ. ಅಲೆಕ್ಸ್ ಬೇರೆ ಹುಡುಗನ ಹೆಸರು ಹೇಳಿಕೊಂಡು ಅವನ ಮನೆಯೊಳಗೇ ಇದ್ದು, ನಡೆಯುತ್ತಿರುವುದನ್ನು ತಿಳಿದು, ಸುದ್ದಿ ಮುಟ್ಟಿಸಬೇಕು.

ಇಲ್ಲಿಗೆ ಬಂದಾಗ ಒಬ್ಬ ಹುಡುಗಿ ತಡೆದು ಕೇಳಿದಳು: “ಅಲ್ರೀ ಸರ್, ಪತ್ತೇದಾರ ಆದ್ರ ನಾನು ಪತ್ತೇದಾರ ಅದೀನಿ ಅಂತ ಹೇಳೇ ಕೇಳ್ತಾನ. ಇವ ಸುಳ್ಳು ಹೆಸರು ಹೇಳಿ ಅವರ ಮನ್ಯಾಗ ಅದಾನಲ್ರೀ?” ಎಷ್ಟು ಸರಿಯಾಗಿ ಹಿಡಿದಳು ನೋಡಿ. ಪತ್ತೇದಾರ ನಡೆದುಹೋದದ್ದರ ಜಾಡು ಹಿಡಿದು ಹೋಗುತ್ತಾನೆ. ಈ ಹುಡುಗ ಮುಂದೆ ನಡೆಯಲಿರುವುದನ್ನು ತಿಳಿಯಲು ಎದುರಾಳಿಯ ಒಳಗೇ ಸೇರಿಕೊಂಡಿದ್ದಾನೆ. ಎರಡೂ ಬೇರೆ ಕೆಲಸ, ಒಂದೇ ಹೆಸರು ಸಾಲದು.

‘ಏಜೆಂಟ್’ ಅಂತ ಇಂಗ್ಲಿಷನ್ನೇ ಇಟ್ಟುಕೊಳ್ಳೋಣ ಅಂದರೆ, ಭತ್ತದ ವ್ಯಾಪಾರದ ಈ ಊರಲ್ಲಿ ಏಜೆಂಟ್ ಅಂದರೆ ಕಮಿಷನ್ ಏಜೆಂಟ್, ಇಲ್ಲವೇ ವಿಮೆ ಏಜೆಂಟ್. ದೊಡ್ಡವರಿಗೆ ‘ಸಿಐಡಿ’ ಗೊತ್ತು. 1968ರ ‘ಜೇಡರ ಬಲೆ’ಯಿಂದ ರಾಜ್‌ಕುಮಾರ್ ಸಿಐಡಿ 999 ಆದರಲ್ಲ, ಆ ಹೆಸರು ಮನಸ್ಸಲ್ಲಿ ನಿಂತಿದೆ. ಆದರೆ ನಿಜವಾದ ಸಿಐಡಿ ಅಪರಾಧ ತನಿಖೆ ಮಾಡುವ ಪೊಲೀಸ್ ವಿಭಾಗ. ಮತ್ತೆ ಪತ್ತೇದಾರನ ಹತ್ತಿರಕ್ಕೇ ಬಂದಂತಾಯಿತು.

ಉಳಿದದ್ದು ಮೂರು: ಗೂಢಚಾರ, ಗುಪ್ತಚರ, ಬೇಹುಗಾರ. ಅರ್ಥಕೋಶದಲ್ಲಿ ಒಂದೇ ಸಾಲಿನಲ್ಲಿ ಇರುತ್ತವೆ. ಪತ್ರಿಕೆಗಳಲ್ಲಿ ಹಾಗಿಲ್ಲ. ನಮ್ಮ ಸರ್ಕಾರದ್ದಾದರೆ ‘ಗುಪ್ತಚರ ಇಲಾಖೆ’. ಯಾರಾದರೂ ಸಿಕ್ಕಿಬಿದ್ದರೆ ‘ಬೇಹುಗಾರಿಕೆ ಆರೋಪ’. ‘ಗುಪ್ತಚರ’ ಕಚೇರಿಯ ಪದವಾಗಿಬಿಟ್ಟಿದೆ, ಒಬ್ಬ ಹುಡುಗನ ಮೈಗೆ ಒಗ್ಗುವುದಿಲ್ಲ. ‘ಗೂಢಚಾರ’ ಪರವಾಗಿಲ್ಲ, ಆದರೆ ನಾನು ಕೇಳಿದ ಮಟ್ಟಿಗೆ ಮಾತಿನಲ್ಲಿ ಯಾರೂ ಆಡುವುದಿಲ್ಲ.

ನನ್ನ ಮನಸ್ಸು ‘ಬೇಹುಗಾರ’ದ ಕಡೆಗೆ. ಬೇಹು ನಮ್ಮದೇ ಹಳೆಯ ಮಾತು. ತೆಲುಗಿನಲ್ಲಿ ಇದೇ ‘ವೇಗು’, ಬೇಹುಗಾರನಿಗೆ ‘ವೇಗುಲವಾಡು’ ಅನ್ನುತ್ತಾರೆ. ನಮ್ಮ ಬೇರು ಅವರ ವೇರು, ನಮ್ಮ ಬೇವು ಅವರ ವೇಪ, ಅದೇ ಲೆಕ್ಕ. ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ನಮ್ಮ ಸುತ್ತ ಬಹಳ. ಆ ಮಕ್ಕಳಿಗೆ ‘ಬೇಹು’ ಹೇಳಿಕೊಡುವುದು ಸುಲಭವಾಯಿತು.

ಬೇಹುಗಾರ ಅಂದರೆ ದೇಶದ್ರೋಹಿ ಅನ್ನುವ ವಾಸನೆ ಬರುವುದಿಲ್ವಾ ಅಂತ ಒಬ್ಬ ಸಹೋದ್ಯೋಗಿ ಕೇಳಿದರು. ಕಿಟಕಿಯಾಚೆ ಆನೆಗೊಂದಿಯ ದಾರಿ, ಅಂಜನಾದ್ರಿ ಬೆಟ್ಟ. ರಾಮ ಲಕ್ಷ್ಮಣರು ಬಂದಾಗ ವಾಲಿ ಕಳಿಸಿದವರೇ ಇರಬೇಕೆಂದು ಸುಗ್ರೀವ ಹೆದರುತ್ತಾನೆ. ವೇಷ ಮರೆಸಿ ಹೋಗಿ ತಿಳಿದು ಬಾ ಎಂದು ಹನುಮಂತನನ್ನು ಕಳಿಸುತ್ತಾನೆ. ಹನುಮಂತ ಭಿಕ್ಷುವಿನ ರೂಪದಲ್ಲಿ ಹೋಗುತ್ತಾನೆ. ರಾವಣನ ಸಭೆಯಲ್ಲಿ ನಿಂತಾಗ ಅವನು ದೂತ, ಸರಿ. ಆದರೆ ಕಿಷ್ಕಿಂಧೆಯಲ್ಲಿ ಮಾಡಿದ್ದು ಬೇಹು ಅಲ್ಲದೆ ಇನ್ನೇನು? ಪದಕ್ಕೆ ಕಳಂಕ ಅಂಟಿಸಿದ್ದು ಇತ್ತೀಚಿನ ಸುದ್ದಿಗಳು. ಅದೂ ಅಲ್ಲದೆ ಅಲೆಕ್ಸ್ ಖುಷಿಯಿಂದ ಹೋದವನಲ್ಲ. ಒಪ್ಪದಿದ್ದರೆ ಅವನನ್ನು ನೋಡಿಕೊಳ್ಳುವ ಹೆಂಗಸನ್ನು ದೇಶದಿಂದ ಕಳಿಸುತ್ತೇವೆ ಅಂತ ಹೆದರಿಸಿ ಒಪ್ಪಿಸುತ್ತಾರೆ. ಆ ಪದದಲ್ಲಿ ಸ್ವಲ್ಪ ಕಹಿ ಉಳಿದರೆ ಅವನ ಪಾಡಿಗೆ ಅದು ನ್ಯಾಯವೇ.

ನನಗೆ ಬಗೆಹರಿಯದೆ ಉಳಿದಿರುವುದು ಇದರ ಮುಂದೆ ಏನು ಸೇರಿಸಬೇಕು ಅನ್ನುವುದು. ‘ಬಾಲ ಬೇಹುಗಾರ’ ಅಂದರೆ ಅರಿಸಮಾಸದ ಮಾತು ಬರುತ್ತದೆ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸಬಾರದು ಅನ್ನುವ ತಕರಾರು. ಅದನ್ನು ಬಿಟ್ಟರೂ, ‘ಬಾಲ’ ಅಂದ ಕೂಡಲೇ ವಯಸ್ಸು ಐದಾರಕ್ಕೆ ಇಳಿದುಬಿಡುತ್ತದೆ, ಅಲ್ವಾ? ಈ ಹುಡುಗನಿಗೆ ಸಂಸ್ಥೆ ಕೊಡುವ ಸಾಮಾನುಗಳಲ್ಲಿ ಲೋಹ ತಿನ್ನುವ ಮುಲಾಮು ಒಂದು, ಅದು ಮೊಡವೆ ಕ್ರೀಮಿನ ಟ್ಯೂಬಿನಲ್ಲಿರುತ್ತದೆ. ಮೊಡವೆ ಬರುವ ವಯಸ್ಸಿನವನು ಬಾಲ ಹೇಗಾದಾನು? ‘ಮರಿ ಬೇಹುಗಾರ’ದಲ್ಲಿ ಮುದ್ದು ಜಾಸ್ತಿ. ಆದರೂ ನಮ್ಮ ಕಡೆಯ ಮಠಗಳಲ್ಲಿ ಕಿರಿಯರನ್ನು ‘ಮರಿದೇವರು’ ಅನ್ನುವಾಗ ಕಲಿಯುತ್ತಿರುವವರು ಎಂಬ ಗೌರವವೂ ಇದೆ. ಸುಮ್ನೆ ‘ಬೇಹುಗಾರ ಹುಡುಗ’ ಅಂದರೆ ಸಾಕೇ?

ಇನ್ನೊಂದು ಕೇಳುವುದಿದೆ. ಕೊಪ್ಪಳ, ರಾಯಚೂರು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿ ಭಾಷೆ ಉರ್ದು. ನಮ್ಮ ಅಜ್ಜ ರಜಾಕಾರರ, ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆಯವರ, ಕಾಲದ ಮಾತು ಬಂದರೆ ‘ಜಾಸೂಸ್’ ಅಂತಲೇ ಅನ್ನುತ್ತಿದ್ದರು: “ಅವ ಅವರ ಜಾಸೂಸ್ ಇದ್ದ.” ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು, ಅಲ್ಲಿನ ಹಿರಿಯರ ಬಾಯಲ್ಲಿ ಬೇರೆಯದೇ ಇರಬೇಕು. ಮಾನ್ವಿ, ಸಿಂಧನೂರು, ಲಿಂಗಸೂಗೂರು, ಸಿರುಗುಪ್ಪ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಯ ಹಿರಿಯರು ಯಾವ ಪದ ಆಡುತ್ತಿದ್ದರು? ಬರೀ ಪದ ಬೇಡ, ಅವರು ಆಡಿದ ಇಡೀ ವಾಕ್ಯ ಬರೆಯಿರಿ.