ಸಂಕ್ರಾಂತಿ ರಾತ್ರಿ ಊಟಕ್ಕೆ ಕುಂಬಳಕಾಯಿ ಪಲ್ಯ: ಬೆಲ್ಲ ಹಾಕದೆ ಮಾಡಿದವರು ಅನುಭವ ಹೇಳಿ

ವಿದ್ಯಾನಗರದ ಸೊಸೆ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಈ ಸಲ ಸಂಕ್ರಾಂತಿ ರಾತ್ರಿ ಊಟ ನಮ್ಮ ಮನೆಯಲ್ಲಿ, 14 ಜನ ಆಗುತ್ತೇವೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಅತ್ತೆಯವರದು. ಕುಂಬಳಕಾಯಿ ಪಲ್ಯ ನನ್ನ ಪಾಲಿಗೆ ಬಂದಿದೆ. ಮಾವನವರಿಗೆ ಶುಗರ್, ಅತ್ತೆಗೆ ಬಿಪಿ. ನಮ್ಮಲ್ಲಿ ಯಾವಾಗಲೂ ಕುಕ್ಕರಿನಲ್ಲಿ ಕೂಗಿಸಿ, ಬೆಲ್ಲ ಹಾಕಿ, ಮೇಲೆ ಎಣ್ಣೆ ತೇಲುವ ಹಾಗೆ ಮಾಡುತ್ತಾರೆ. ನನಗೆ ಬೆಲ್ಲ ಬೇಡ, ಎಣ್ಣೆ ಕಮ್ಮಿ ಇರಬೇಕು. ಆದರೆ ತಟ್ಟೆಯಲ್ಲಿ ಉಳಿಯಲೂ ಬಾರದು. ಮಾಡಿದವರು ಹೇಳಿ.

ನಿಟ್ಟುವಳ್ಳಿ ಅಕ್ಕ:
ತಂಗಿ, ಬೆಲ್ಲ ಬಿಟ್ಟು ಮಾಡುವುದನ್ನು ನಾನು ಶುರು ಮಾಡಿದಾಗ ನಮ್ಮ ನಾದಿನಿ ಎಲ್ಲರೆದುರು "ಆಸ್ಪತ್ರೆ ಊಟ" ಅಂದರು. ಆ ಮಾತು ಇವತ್ತಿಗೂ ಮರೆತಿಲ್ಲ. ಈಗ ಅದೇ ನಾದಿನಿ ಡಬ್ಬಿ ತಂದು ತುಂಬಿಸಿಕೊಂಡು ಹೋಗುತ್ತಾರೆ.

ಮೊದಲು ಕುಕ್ಕರ್ ಎತ್ತಿಡಿ. ಕುಂಬಳಕಾಯಿಯಲ್ಲಿ ಇರುವುದೇ ಶೇಕಡಾ 90ರಷ್ಟು ನೀರು. ಕೂಗಿಸಿದರೆ ಅಂಬಲಿ ಆಗುತ್ತದೆ, ಆಮೇಲೆ ರುಚಿ ಬರಲಿ ಅಂತ ಬೆಲ್ಲ ಸುರಿಯಬೇಕಾಗುತ್ತದೆ. ಅಗಲ ಬಾಣಲೆ ಇಡಿ. ಹೋಳು ಎರಡು ಬೆರಳು ದಪ್ಪ ಇರಲಿ, ಸಿಪ್ಪೆ ಎಳೆಯದಾಗಿದ್ದರೆ ತೆಗೆಯಬೇಡಿ. ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಹೋಳು ಹಾಕಿ ಒಂದು ಹನಿ ನೀರೂ ಹಾಕದೆ ಮುಚ್ಚಳ ಮುಚ್ಚಿ. ಅರ್ಧ ಬೆಂದ ಮೇಲೆ ಮುಚ್ಚಳ ತೆಗೆದು ಉರಿ ಜೋರು ಮಾಡಿ, ಕೈ ಆಡಿಸದೆ ಬಿಡಿ. ತಳಕ್ಕೆ ಅಂಟಿದ ಕಡೆ ಹೋಳು ಕಂದು ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಸಣ್ಣಗೆ ಜಿಗಿಯುವ ಪಾಕದ ಹಾಗೆ ಬರುತ್ತದೆ. ಅದೇ ಸಿಹಿ. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ನೀರು ಬಿಟ್ಟುಕೊಂಡು ಹೋಳು ಹುರಿಯುವ ಬದಲು ಬೇಯುತ್ತದೆ. ಕೊನೆಗೆ ಉದುರಿಸಿದ ಉಪ್ಪು ನಾಲಿಗೆಗೆ ಬೇಗ ಸಿಗುತ್ತದೆ, ಕಮ್ಮಿ ಸಾಕು. ಬಿಪಿ ಇರುವವರಿಗೆ ಅದೂ ಒಳ್ಳೆಯದೇ.

ಆದರೆ ಕಾಯಿ ಸರಿಯಿಲ್ಲದಿದ್ದರೆ ಇದೆಲ್ಲ ದಂಡ. ಹೋದ ವರ್ಷ ಹಬ್ಬದ ಹಿಂದಿನ ದಿನ ಮಾರ್ಕೆಟ್‌ನಲ್ಲಿ ಕೆ.ಜಿ.ಗೆ 50 ರೂಪಾಯಿ ಹೇಳಿದರು. 45ಕ್ಕೆ ಇಳಿಸಿ 4 ಕೆ.ಜಿ. ಕಾಯಿ ತಂದೆ. 180 ರೂಪಾಯಿ, ಆಟೋಗೆ 60. ಕೊಯ್ದರೆ ಒಳಗೆ ಸೌತೆಕಾಯಿ ಹಾಗೆ ಬೆಳ್ಳಗೆ! ಸಿಹಿ ಇಲ್ಲ, ಬಣ್ಣ ಇಲ್ಲ. ಎಳೆ ಕಾಯಿ ಕೊಯ್ದು ತಂದು ಮಾರುತ್ತಾರೆ, ಕೇಳಿದರೆ "ನಿನ್ನೆ ಕೊಯ್ದಿದ್ದು ಅಕ್ಕಾ, ಫ್ರೆಶ್" ಅನ್ನುತ್ತಾರೆ.

ಚಳ್ಳಕೆರೆ ಗಾಣದ ಮನೆ:
ಕಮ್ಮಿ ಎಣ್ಣೆ, ಕಮ್ಮಿ ಎಣ್ಣೆ. ಕೇಳಿ ಕೇಳಿ ಸಾಕಾಗಿದೆ. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ನಮ್ಮ ತಂದೆ ಕಾಲದಿಂದ ಇದೇ ಕೆಲಸ. ಕುಂಬಳಕಾಯಿಯ ಹಳದಿ ಬಣ್ಣ ಬೀಟಾ ಕ್ಯಾರೋಟಿನ್‌ನದು. ಮೈಯಲ್ಲಿ ಅದೇ ವಿಟಮಿನ್ ಎ ಆಗುವುದು. ಅದು ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಿ ಅಲ್ಲ. ಎಣ್ಣೆ ಪೂರ್ತಿ ಬಿಟ್ಟು ನೀರಿನಲ್ಲಿ ಬೇಯಿಸಿ ತಿಂದರೆ ಅರ್ಧ ಸತ್ವ ಸುಮ್ನೆ ಹೋಯಿತು ಅಂತಲೇ ತಿಳಿಯಿರಿ.

ಇನ್ನು ಗಾಣದ ಎಣ್ಣೆ ದುಬಾರಿ ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಒಂದು ಲೀಟರ್ ತೆಗೆಯಲು ಹತ್ತಿರ ಹತ್ತಿರ ಎರಡೂವರೆ ಕೆ.ಜಿ. ಬೀಜ ಬೇಕು. ಬೀಜ ಕೆ.ಜಿ.ಗೆ 125 ಅಂದರೂ ಅಲ್ಲಿಗೇ 312 ಆಯಿತು. ಕರೆಂಟು, ಆಳು, ಡಬ್ಬಿ ಬೇರೆ. ಹಿಂಡಿ ಮಾರಿದ ದುಡ್ಡು ಬಂದರೆ ಲಾಭ, ಇಲ್ಲದಿದ್ದರೆ ಇಲ್ಲ. 340ಕ್ಕೆ ಕೊಟ್ಟರೆ "ಅಂಗಡಿಯಲ್ಲಿ 170ಕ್ಕೆ ಸಿಗುತ್ತದೆ" ಅನ್ನುತ್ತಾರೆ. ಹೋಗಿ ತಗೊಳ್ಳಿ!

ಪಲ್ಯಕ್ಕೆ ನಮ್ಮ ಮನೆಯಲ್ಲಿ ಶೇಂಗಾ ಎಣ್ಣೆಯ ಒಗ್ಗರಣೆ, ಕೆಳಗಿಳಿಸುವ ಮುಂಚೆ ಹುರಿದ ಶೇಂಗಾ ಪುಡಿ. ತಿಂದವರು ಯಾರೂ ಬೆಲ್ಲ ಕೇಳಿಲ್ಲ.

ಜಗಳೂರು ರೈತ:
ನಿಟ್ಟುವಳ್ಳಿ ಅಕ್ಕ 45 ರೂಪಾಯಿಗೆ ಅತ್ತುಕೊಂಡಿದ್ದಾರೆ. ಅದೇ ವಾರ ನಾನು ಎಷ್ಟಕ್ಕೆ ಕೊಟ್ಟೆ ಗೊತ್ತಾ? 11 ರೂಪಾಯಿ. ಅದರಲ್ಲಿ ಗೂಡ್ಸ್ ಗಾಡಿ ಬಾಡಿಗೆ, ಹಮಾಲಿ, ಕಮಿಷನ್ ಕಳೆದು ಕೈಗೆ ಬಂದಿದ್ದು 7 ಚಿಲ್ಲರೆ. ಮಧ್ಯದ 34 ಯಾರು ತಿಂದರು ಅಂತ ನಿಮಗೆ ಮಾರಿದವರನ್ನು ಕೇಳಿ, ಬೆಳೆದವನನ್ನು ಬೈಯಬೇಡಿ.

ಬೀಜ ಅರ್ಕಾ ಚಂದನ್. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ. ಕಾಯಿ ಎರಡು ಮೂರು ಕೆ.ಜಿ. ತೂಗುತ್ತದೆ, ಒಂದು ಮನೆಗೆ ಹದ. ಹೂ ಬಿಟ್ಟಾಗ ಚೆನ್ನಾಗಿಯೇ ಇತ್ತು. ಕಾಯಿ ನಿಂಬೆ ಗಾತ್ರ ಆಗುತ್ತಿದ್ದಂತೆ ಹಣ್ಣು ನೊಣ ಬಿತ್ತು. ಅದು ಚುಚ್ಚಿ ಮೊಟ್ಟೆ ಇಟ್ಟರೆ ಕಾಯಿ ಒಳಗೇ ಕೊಳೆಯುತ್ತದೆ. ನೊಣ ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಿದ ಖರ್ಚು, ಕೊಳೆತ ಕಾಯಿ ಆರಿಸಿ ಹೂಳಿದ ಕೂಲಿ, ಬೋರು ಕೈಕೊಟ್ಟಾಗ ತರಿಸಿದ ಟ್ಯಾಂಕರು, ಎಲ್ಲ ಸೇರಿ ಎಕರೆಗೆ 30 ಸಾವಿರ ದಾಟಿತು. ಆದರೂ ಎಳೆ ಕಾಯಿ ಕೊಯ್ಯಲಿಲ್ಲ. ಹೆಣ್ಣುಮಕ್ಕಳು ಹಬ್ಬಕ್ಕೆ ಒಯ್ಯುವ ಕಾಯಿ ಅಂತ ಬಳ್ಳಿಯಲ್ಲೇ ಬಲಿಯಲು ಬಿಟ್ಟೆ.

ಬಲಿತಿದ್ದು ನೋಡುವುದು ಸುಲಭ. ತೊಟ್ಟು ಒಣಗಿ ಬೆಂಡಿನ ಹಾಗೆ ಆಗಿರಬೇಕು. ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು. ನೆಲಕ್ಕೆ ತಾಗಿದ ಮಗ್ಗುಲು ಹಳದಿ ಇರಬೇಕು, ಬಿಳಿ ಅಲ್ಲ. ಕೊಯ್ದು ನೆರಳಲ್ಲಿ ಕೆಲವು ವಾರ ಇಟ್ಟ ಕಾಯಿಗೆ ಸಿಹಿ ಜಾಸ್ತಿ. "ಫ್ರೆಶ್" ಬೇಕು ಅಂತ ಹುಡುಕುವವರೂ ನೀವೇ ಅಲ್ವಾ?

ನಿಟ್ಟುವಳ್ಳಿ ಅಕ್ಕ:
ಅಣ್ಣಾರೆ, ನಾನು ರೈತರನ್ನು ಬೈದಿಲ್ಲ, ಮಾರಿದವರನ್ನು ಬೈದಿದ್ದು. ಸರಿಯಾಗಿ ಓದಿ. ನಮ್ಮ ತವರೂ ಒಕ್ಕಲುತನದ್ದೇ. ಫ್ರೆಶ್ ಅಂತ ನಾನು ಕೇಳಲೂ ಇಲ್ಲ, ಅವರೇ ಹೇಳಿದ್ದು.

ಹರಿಹರದ ಅಮ್ಮ:
ನಮ್ಮ ಕಡೆ ಸಂಕ್ರಾಂತಿಗೆ ಹೊಳೆಗೆ ಹೋಗಿ ಸ್ನಾನ ಮಾಡಿ, ಹರಿಹರೇಶ್ವರನ ದರ್ಶನ ಮಾಡಿ, ತುಂಗಭದ್ರೆ ದಂಡೆಯಲ್ಲೇ ಬುತ್ತಿ ಬಿಚ್ಚುವುದು. ಬುತ್ತಿಯಲ್ಲಿ ಕುಂಬಳಕಾಯಿ ಪಲ್ಯ ಇರಲೇಬೇಕು. ನೀರು ನೀರಾಗಿದ್ದರೆ ರೊಟ್ಟಿ ನೆನೆದು ಹಾಳು. ಅದಕ್ಕೇ ನಮ್ಮ ಅತ್ತೆ ಗುರೆಳ್ಳು ಪುಡಿ ಹಾಕುತ್ತಿದ್ದರು. ಗುರೆಳ್ಳು ಹುರಿದು ಚಟಪಟ ಅಂದ ಕೂಡಲೇ ಇಳಿಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಚೂರು ಹುಣಸೆಹಣ್ಣಿನ ಜೊತೆ ಕುಟ್ಟಿ ಕೊನೆಗೆ ಉದುರಿಸಿದರೆ ಇದ್ದ ಪಸೆ ಎಲ್ಲ ಹೀರಿಕೊಳ್ಳುತ್ತದೆ. ಪಲ್ಯ ಕಪ್ಪಗೆ ಕಾಣುತ್ತದೆ, ಹೆದರಬೇಡಿ. ಗುರೆಳ್ಳಿನಲ್ಲೇ ಎಣ್ಣೆ ಅಂಶ ಇರುವುದರಿಂದ ಒಗ್ಗರಣೆಗೆ ಒಂದು ಚಮಚ ಸಾಕು.

ಇನ್ನೊಂದು ಮಾತು. ಇಡೀ ಕುಂಬಳಕಾಯಿಯನ್ನು ಹೆಣ್ಣುಮಕ್ಕಳು ಮೊದಲು ಒಡೆಯಬಾರದು. ಮನೆಯ ಗಂಡಸರ ಕೈಲಿ ಒಂದು ಏಟು ಹಾಕಿಸಿ, ಆಮೇಲೆ ನೀವು ಹೆಚ್ಚಿ.

ಎಂಸಿಸಿ ಬಿ ಬ್ಲಾಕ್ ಟೀಚರ್:
ಅಮ್ಮಾ, ನಿಮ್ಮ ಗುರೆಳ್ಳು ಪುಡಿಗೆ ಕೈ ಮುಗಿಯುತ್ತೇನೆ. ಆದರೆ ಕೊನೆಯ ಮಾತು ಒಪ್ಪಲಾರೆ. ನಮ್ಮ ಮನೆಯಲ್ಲಿ ನಾನು, ಮಗಳು, ನಮ್ಮಮ್ಮ ಅಷ್ಟೇ. ಯಜಮಾನರು ತೀರಿಕೊಂಡ ವರ್ಷ ಸಂಕ್ರಾಂತಿಗೆ ಕಾಯಿ ಮನೆಯಲ್ಲಿಟ್ಟುಕೊಂಡು ಪಕ್ಕದ ಮನೆಯವರು ಬರಲಿ ಅಂತ ಸಂಜೆಯವರೆಗೆ ಕಾದೆವು. ಅವರು ಊರಿಗೆ ಹೋಗಿದ್ದರು. ಕೊನೆಗೆ ನಮ್ಮಮ್ಮನೇ ಈಳಿಗೆ ಮಣೆ ತಗೊಂಡು "ಕೊಡೇ ಇಲ್ಲಿ" ಅಂದು ಹೋಳು ಮಾಡಿದರು. ಅವತ್ತಿಂದ ನಾವೇ ಒಡೆಯುತ್ತಿದ್ದೇವೆ. ಯಾರಿಗೂ ಏನೂ ಆಗಿಲ್ಲ. ಗಂಡಸರಿಲ್ಲದ ಮನೆಯವರು ಓದುತ್ತಾರೆ, ಸ್ವಲ್ಪ ಯೋಚನೆ ಮಾಡಿ ಬರೆಯಿರಿ.

ಹರಿಹರದ ಅಮ್ಮ:
ತಾಯಿ, ನಿಮಗೆ ನೋವು ಮಾಡಲು ಬರೆದಿದ್ದಲ್ಲ. ಹಿರಿಯರು ನಡೆಸಿಕೊಂಡು ಬಂದಿದ್ದನ್ನು ಹೇಳಿದೆ. ಬಿಡುವುದು, ಹಿಡಿಯುವುದು ನಿಮ್ಮ ಇಷ್ಟ. ಆದರೆ ನಮ್ಮ ಮನೆಯಲ್ಲಿ ನಾನು ಬಿಡುವುದಿಲ್ಲ.

ಹೊಳಲ್ಕೆರೆ ನಿವೃತ್ತ:
ಶುಗರ್ ಇರುವವರಿಗೆ ಕುಂಬಳಕಾಯಿಯೇ ಬೇಡ. ಅದರ ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅನ್ನುವ ಅಂಕಿ, 75. ನಾನು ಬಿಟ್ಟೇ ಬಿಟ್ಟಿದ್ದೇನೆ. ಹೀರೆಕಾಯಿ ಮಾಡಿ.

ದುರ್ಗದ ಕೋಟೆ ರಸ್ತೆ:
ಯಜಮಾನರೇ, ಅರ್ಧ ಮಾತು ಹೇಳಿ ಜನರನ್ನು ಹೆದರಿಸಬೇಡಿ. 100 ಗ್ರಾಂ ಕುಂಬಳಕಾಯಿಯಲ್ಲಿ ಪಿಷ್ಟ, ಸಕ್ಕರೆ ಎಲ್ಲ ಸೇರಿ ಆರೇಳು ಗ್ರಾಂ, ಕ್ಯಾಲರಿ 26ರ ಆಸುಪಾಸು. ಇಂಡೆಕ್ಸ್ ಜಾಸ್ತಿ ಇದ್ದರೂ ಹೊಟ್ಟೆಗೆ ಹೋಗುವ ಪ್ರಮಾಣ ಕಮ್ಮಿ. ಒಂದು ದಪ್ಪ ಸಜ್ಜೆ ರೊಟ್ಟಿಯಲ್ಲಿ 30 ಗ್ರಾಂ ಮೇಲೆ ಇರುತ್ತದೆ. ಹೋಳಿಗೆ ಬೇರೆ.

ನಮ್ಮಪ್ಪನಿಗೆ ಶುಗರ್ ಬಂದಾಗ ಮನೆಯವರೆಲ್ಲ ಸೇರಿ ಕುಂಬಳಕಾಯಿ, ಕ್ಯಾರೆಟ್, ಬೀಟ್‌ರೂಟ್ ನಿಲ್ಲಿಸಿದರು. ಅನ್ನ ಮಾತ್ರ ಮೊದಲಿನಷ್ಟೇ! ಬಣ್ಣದ ತರಕಾರಿ ಒಂದೂ ಇಲ್ಲ. ಬರೀ ತಿಳಿ ಸಾರು. ಶುಗರ್ ಇಳಿಯಲಿಲ್ಲ, ಅಪ್ಪ ಸೊರಗಿದರು. ಆಮೇಲೆ ಗ್ಲುಕೋಮೀಟರ್ ತಂದೆ. 1100 ರೂಪಾಯಿ, ಪಟ್ಟಿ 50ಕ್ಕೆ 900. ಪಟ್ಟಿಯ ಡಬ್ಬಿ ಮುಚ್ಚಳ ಯಾರೋ ಸರಿಯಾಗಿ ಹಾಕದೆ ಒಂದು ಡಬ್ಬಿ ಪೂರ್ತಿ ಕೆಟ್ಟಿತು, ಮತ್ತೆ 900. ಊಟ ಆಗಿ ಎರಡು ಗಂಟೆಗೆ ನೋಡುತ್ತಾ ಹೋದೆ. ಅವರಿಗೆ ಏರುತ್ತಿದ್ದದ್ದು ಅನ್ನಕ್ಕೆ, ಬೆಲ್ಲ ಹಾಕದ ಪಲ್ಯಕ್ಕೆ ಅಲ್ಲ. ಅನ್ನ ಅರ್ಧ ಮಾಡಿ ಪಲ್ಯ ಎರಡರಷ್ಟು ಬಡಿಸಿದೆವು. ಈಗ ಪರವಾಗಿಲ್ಲ.

ಕಿಡ್ನಿ ತೊಂದರೆ ಇದ್ದರೆ ಮಾತ್ರ ಬೇರೆ. ಕುಂಬಳಕಾಯಿಯಲ್ಲಿ ಪೊಟ್ಯಾಶಿಯಂ ಇದೆ, ಡಾಕ್ಟರನ್ನು ಕೇಳಿಯೇ ಕೊಡಿ.

ಹೊಳಲ್ಕೆರೆ ನಿವೃತ್ತ:
ನಿಮ್ಮಪ್ಪನ ಮೈ ಬೇರೆ, ನನ್ನ ಮೈ ಬೇರೆ. ನಾನು ಬಿಟ್ಟ ಮೇಲೆ ನನಗೆ ಇಳಿದಿದೆ. ರಿಪೋರ್ಟು ಇದೆ.

ದುರ್ಗದ ಕೋಟೆ ರಸ್ತೆ:
ಅದರ ಜೊತೆಗೆ ಇನ್ನೇನೇನು ಬಿಟ್ಟಿರಿ, ಅದನ್ನೂ ಹೇಳಿ. ಬೆಳಗಿನ ಬೆಣ್ಣೆ ದೋಸೆ ಬಿಟ್ಟಿರಾ ಇಲ್ವಾ?

ಚಳ್ಳಕೆರೆ ಗಾಣದ ಮನೆ:
ಬೆಣ್ಣೆ ದೋಸೆ ಸುದ್ದಿಗೆ ಬರಬೇಡಿ.

ಬೇತೂರು ರಸ್ತೆ ಅತ್ತಿಗೆ:
ನೀವು ಜಗಳ ಆಡುತ್ತಿರಿ, ಮುಖ್ಯವಾದದ್ದನ್ನು ಯಾರೂ ಹೇಳಿಲ್ಲ. ಹೆಚ್ಚಿದ ಮೇಲೆ ಒಂದು ಚೂರು ಹಸಿಯದೇ ನಾಲಿಗೆ ಮೇಲಿಟ್ಟು ನೋಡಿ. ಕಹಿ ಇದ್ದರೆ ತಕ್ಷಣ ಉಗುಳಿ, ಇಡೀ ಕಾಯಿ ಎಸೆಯಿರಿ. ಕುಂಬಳ, ಸೋರೆ ಜಾತಿಯಲ್ಲಿ ಅಪರೂಪಕ್ಕೆ ಕಹಿ ವಿಷ ಇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ನಮ್ಮ ಓರಗಿತ್ತಿ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಬಳ್ಳಿಯ ಕಾಯಿ ತಂದು, ಕಹಿ ಮುಚ್ಚಲು ಬೆಲ್ಲ, ಕಾರ ಜಾಸ್ತಿ ಹಾಕಿ ಬಡಿಸಿದ್ದಳು. ಮಧ್ಯರಾತ್ರಿ ಮೂರು ಜನಕ್ಕೆ ವಾಂತಿ ಭೇದಿ. ಡ್ರಿಪ್ಸು, ಔಷಧಿ, ರೂಮು ಅಂತ 8,400 ಬಿಲ್ಲು. ಹಬ್ಬದ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಬಿಲ್ಲು ಕಟ್ಟಿದ್ದು ನಾವು, ಇವತ್ತಿಗೂ ಅರ್ಧ ವಾಪಸ್ ಬಂದಿಲ್ಲ.

ವಿದ್ಯಾನಗರದ ಸೊಸೆ, ದಾವಣಗೆರೆ:
ಎಲ್ಲರಿಗೂ ಧನ್ಯವಾದ. ದಯವಿಟ್ಟು ಜಗಳ ಬೇಡ. 14 ಜನಕ್ಕೆ ಎಷ್ಟು ಕೆ.ಜಿ. ತರಲಿ? ಬೆಳಿಗ್ಗೆಯೇ ಮಾಡಿಡಬಹುದಾ?

ನಿಟ್ಟುವಳ್ಳಿ ಅಕ್ಕ:
ಎರಡೂವರೆ ಕೆ.ಜಿ. ಬೇಕು. ತಿರುಳು, ಬೀಜ ತೆಗೆದರೆ ಎರಡು ಉಳಿಯುತ್ತದೆ, ಹುರಿದರೆ ಇನ್ನೂ ಕುಗ್ಗುತ್ತದೆ. ಬೆಳಿಗ್ಗೆ ಹೆಚ್ಚಿ ಮುಚ್ಚಿಡಿ, ಗುರೆಳ್ಳು ಪುಡಿಯೂ ಕುಟ್ಟಿಡಿ. ಹುರಿಯುವುದು ರೊಟ್ಟಿ ಹಂಚು ಇಡುವ ಹೊತ್ತಿಗೆ. ಎರಡು ಬಾಣಲೆಯಲ್ಲಿ ಹುರಿಯಿರಿ. ಒಂದರಲ್ಲೇ ತುಂಬಿದರೆ ಹಬೆಗೆ ಬೆಂದು ಮೆತ್ತಗಾಗುತ್ತದೆ.

ಜಗಳೂರು ರೈತ:
ಬೀಜ ಎಸೆಯಬೇಡಿ ತಂಗಿ. ತೊಳೆದು, ನೆರಳಲ್ಲಿ ಒಣಗಿಸಿ, ಹುರಿದು ತಿನ್ನಿ. ಅಂಗಡಿಯಲ್ಲಿ ಅದನ್ನೇ ಕಾಲು ಕೆ.ಜಿ.ಗೆ 200ರ ಮೇಲೆ ಮಾರುತ್ತಾರೆ. ಅದರಲ್ಲಿ ಬೆಳೆದವನಿಗೆ ಬರುವುದು ಎಷ್ಟು ಅಂತ ಮತ್ತೆ ಹೇಳಲಾ?

ನಿಟ್ಟುವಳ್ಳಿ ಅಕ್ಕ:
ಹೇಳಬೇಡಿ ಅಣ್ಣಾರೆ. ಈ ವರ್ಷ ಬಲಿತ ಕಾಯಿ ಉಳಿದಿದ್ದರೆ ಎಲ್ಲಿಗೆ ಬಂದು ತಗೊಳ್ಳಬೇಕು, ಅದು ಹೇಳಿ. 20 ರೂಪಾಯಿಯಂತೆ ಕೊಡುತ್ತೇನೆ.

ಜಗಳೂರು ರೈತ:
25.